ಡೈಬಾಲ್ ಮಾಡಿದ ಮ್ಯಾಲೆ ಗಂಜಿ ಆಗಬಾರದಂದ್ರ
ಡೈಬಾಲ್ (ಡೈಐಸೊಬ್ಯುಟೈಲ್ ಅಲ್ಯುಮಿನಿಯಂ ಹೈಡ್ರೈಡ್, ಹೈಡ್ರೋಜನ್ ಸೇರಿಸಿ ರಿಡಕ್ಷನ್ ಮಾಡೋ ರಾಸಾಯನಿಕ) ರಿಡಕ್ಷನ್ ಮುಗಿದಾಗ ಬರೇ ನೀರು ಹಾಕಬ್ಯಾಡ್ರಿ, ಸ್ಯಾಚುರೇಟೆಡ್ ರೋಶೆಲ್ ಸಾಲ್ಟ್ (ಸೋಡಿಯಂ ಪೊಟ್ಯಾಸಿಯಂ ಟಾರ್ಟ್ರೇಟ್) ದ್ರಾವಣ ಹಾಕ್ರಿ. ಫ್ಲಾಸ್ಕ್ ತಣ್ಣಗಿದ್ದಾಗಲೇ ಈಥೈಲ್ ಅಸಿಟೇಟ್ ಹನಿ ಹನಿ ಬಿಟ್ಟು ಉಳಿದ ಹೈಡ್ರೈಡ್ ತೀರಿಸಿ, ಆಮ್ಯಾಲೆ ರಿಯಾಕ್ಷನ್‌ದಷ್ಟೇ ಅಳತೆಯ ದ್ರಾವಣ ಸುರೀರಿ. ಎರಡೂ ಪದರ ತಿಳಿ ಆಗೂತನಕ ಜೋರಾಗಿ ತಿರುಗಲಿ, 1ರಿಂದ 3 ತಾಸು. ಟಾರ್ಟ್ರೇಟ್ ಅಲ್ಯುಮಿನಿಯಂ ಹಿಡಕೊಂಡು ನೀರಿನಾಗ ಕರಗಿಸಿಡತದ. ಇಲ್ಲಾಂದ್ರ ಅದು ಹೈಡ್ರಾಕ್ಸೈಡ್ ಆಗಿ ಗಂಜಿಯಂಗ ಹೆಪ್ಪುಗಟ್ಟಿ ನಮಗ ಬೇಕಾದ ಮಾಲನ್ನೂ (ಪ್ರಾಡಕ್ಟ್) ಹಿಡಿದಿಡತದ. ಅರ್ಧ ತಾಸಿಗೇ ಪದರ ಬೇರೆ ಮಾಡೋ ಫನೆಲ್‌ಗೆ ಸುರಿದ್ರ ಎಮಲ್ಷನ್ (ಪದರ ಬೇರೆ ಆಗದ ಹಾಲಿನಂಥ ಮಿಶ್ರಣ) ಖಾತ್ರಿ. ಹುಬ್ಬಳ್ಳಿ-ಧಾರವಾಡದ ಏಪ್ರಿಲ್ ಬಿಸಿಲಿಗೆ ಮಾಲು ತೆಗಿಯಾಕ ಈಥರ್ ಬ್ಯಾಡ, 35 ಡಿಗ್ರಿಗೇ ಕುದಿಯತದ. ಈಥೈಲ್ ಅಸಿಟೇಟ್‌ನಾಗ ತೆಗೀರಿ. ನೀರಿನಾಗ ಕರಗೋ ಸಣ್ಣ ಡಯಾಲ್, ಅಮೈನೋ ಆಲ್ಕೋಹಾಲ್‌ಗೆ ಇದು ನಡಿಯೂದಿಲ್ಲ, ಮಾಲು ನೀರಿನ ಜೋಡಿ ಹೋಗತದ. ಅವಕ್ಕ ಅಳತೆ ನೀರು, 15% ಸೋಡಿಯಂ ಹೈಡ್ರಾಕ್ಸೈಡ್ ಹಾಕಿ ಸೆಲೈಟ್ (ಸೋಸೋ ಪುಡಿ) ಮ್ಯಾಲೆ ಸೋಸೋದ ಪಾಡ.