ಬೇರಿನ ತೊಗಟೆ ಹುಟ್ಟುವ ಜಾಗ

ಕಾಂಡದಲ್ಲಿ ಕಾರ್ಕ್ ಕ್ಯಾಂಬಿಯಂ, ಅಂದರೆ ತೊಗಟೆಯ ಕಾರ್ಕ್ ಕೋಶಗಳನ್ನು ಹುಟ್ಟಿಸುವ ಪದರ, ಸಾಮಾನ್ಯವಾಗಿ ಹೊರಚರ್ಮವಾದ ಎಪಿಡರ್ಮಿಸ್‌ನ ಕೆಳಗೇ ಮೂಡುತ್ತದೆ. ಬೇರಿನಲ್ಲೂ ಹಾಗೇ ಇರಬೇಕೆಂದು ಮೂರು ವಾರ ಅಂಚಿನಲ್ಲೇ ಹುಡುಕಿದೆ. ಸಿಗಲಿಲ್ಲ.

ಕುಂಡದಲ್ಲಿ ಬೆಳೆಸಿದ ಹತ್ತಿ ಸಸಿಗಳು ನನ್ನ ಸಾಮಗ್ರಿ. ತಾಯಿಬೇರನ್ನು ತೊಳೆದು, ಸೀಳಿದ ಕ್ಯಾರೆಟ್ ತುಂಡಿನ ನಡುವೆ ಹಿಡಿದು, ಬ್ಲೇಡನ್ನು ನೀರಲ್ಲಿ ಅದ್ದಿ ಒಂದೇ ಎಳೆತಕ್ಕೆ ತೆಳ್ಳನೆ ಅಡ್ಡ ಸೀಳು ಕೊಯ್ಯುತ್ತಿದ್ದೆ. ಗರಗಸದಂತೆ ಹಿಂದೆ ಮುಂದೆ ಆಡಿಸಿದರೆ ಕೋಶಗಳು ಹರಿದುಹೋಗುತ್ತವೆ. ದಿನಕ್ಕೊಂದು ಸಸಿ ಕೀಳುವುದೂ ಬೇಕಿಲ್ಲ ಎಂದು ಆಮೇಲೆ ತಿಳಿಯಿತು: ತುದಿಯ ಕಡೆ ಎಳೆಯದು, ಬುಡದ ಕಡೆ ಬಲಿತದ್ದು. ಒಂದೇ ಬೇರಿನಲ್ಲಿ ಕೆಳಗಿಂದ ಮೇಲಕ್ಕೆ ಕೊಯ್ಯುತ್ತ ಹೋದರೆ ಬೆಳವಣಿಗೆಯ ಹಂತಗಳೆಲ್ಲ ಸಾಲಾಗಿ ಸಿಗುತ್ತವೆ.

ಸ್ಯಾಫ್ರನಿನ್ ಎಂಬ ಕೆಂಪು ಬಣ್ಣ ಹಾಕಿದ ಎಳೆಯ ಸೀಳಿನಲ್ಲಿ, ನೀರು ಸಾಗಿಸುವ ಕ್ಸೈಲಂ ನಾಲ್ಕು ತೋಳಿನ ಕೆಂಪು ನಕ್ಷತ್ರ. ತೋಳುಗಳ ಸಂದಿನಲ್ಲಿ ಆಹಾರ ಸಾಗಿಸುವ ಫ್ಲೋಯಂ. ಇವೆರಡನ್ನೂ ಹೆಚ್ಚಿಸಿ ಬೇರನ್ನು ದಪ್ಪಗೊಳಿಸುವ ಕ್ಯಾಂಬಿಯಂ (ಇದು ಕಾರ್ಕ್ ಕ್ಯಾಂಬಿಯಂ ಅಲ್ಲ, ಬೇರೆಯದು) ಮೊದಲು ಫ್ಲೋಯಂನ ಒಳಮಗ್ಗುಲಲ್ಲಿ ಹುಟ್ಟುತ್ತದೆ, ನಂತರ ತೋಳಿನ ತುದಿಯ ಹೊರಗಿನ ಪೆರಿಸೈಕಲ್ (ಕ್ಸೈಲಂ, ಫ್ಲೋಯಂಗಳನ್ನು ಸುತ್ತುವರಿದ ತೆಳು ಪದರ) ಕೋಶಗಳೂ ವಿಭಜಿಸಿ ಅದಕ್ಕೆ ಕೂಡಿಕೊಳ್ಳುತ್ತವೆ. ಹಾಗಾಗಿ ಮೊದಲಿಗೆ ಅದು ಅಲೆಯಲೆಯಾದ ಗೆರೆ. ತಗ್ಗುಗಳಲ್ಲಿ ಕ್ಸೈಲಂ ಮೊದಲೇ ತುಂಬಿಕೊಂಡು ಗೆರೆಯನ್ನು ಹೊರಕ್ಕೆ ತಳ್ಳುವುದರಿಂದ ಕೊನೆಗೆ ದುಂಡಗಿನ ಉಂಗುರ. ಅಲೆ ವೃತ್ತವಾಗುವ ಆ ನಡುವಿನ ಸೀಳು ಸಿಕ್ಕಿದ ದಿನ ಸ್ಲೈಡ್ ಬಿಟ್ಟು ಏಳಲು ಮನಸ್ಸೇ ಬರಲಿಲ್ಲ.

ಬುಡದ ಸೀಳುಗಳದ್ದೇ ತೊಂದರೆ. ಅಂಚಿನಲ್ಲಿ ಕಂದು ಚಿಂದಿಗಳು ನೇತಾಡುತ್ತಿದ್ದವು. ಮಣ್ಣು ಸರಿಯಾಗಿ ಹೋಗಿಲ್ಲವೆಂದು ಕುಂಚದಿಂದ ಒರೆಸಿ ತೆಗೆಯುತ್ತಿದ್ದೆ. ಒಮ್ಮೆ ಅವಸರದಲ್ಲಿ ಒರೆಸದೆ ಸುಡಾನ್ ಬಣ್ಣಕ್ಕೆ ಹಾಕಿ, ಆಲ್ಕೋಹಾಲಿನಲ್ಲಿ ಅದ್ದಿ ನೋಡಿದೆ. ಚಿಂದಿಗಳ ಒಳಗಡೆ, ಫ್ಲೋಯಂನ ಹೊರಗೆ, ಇಟ್ಟಿಗೆ ಪೇರಿಸಿದಂತೆ ಒಂದರ ಹಿಂದೊಂದು ನಿಂತ ಚಪ್ಪಟೆ ಕೋಶಗಳು, ಗೋಡೆಗಳೆಲ್ಲ ಕಿತ್ತಳೆಗೆಂಪು. ಸುಡಾನ್ ಬಣ್ಣ ಹಿಡಿದದ್ದು ಗೋಡೆಗಳಲ್ಲಿನ ಸೂಬೆರಿನ್ ಎಂಬ ಮೇಣದಂಥ ವಸ್ತು, ಅಂದರೆ ಇವು ಕಾರ್ಕ್ ಕೋಶಗಳು.

ಇಲ್ಲಿ ಕಾರ್ಕ್ ಕ್ಯಾಂಬಿಯಂ ಎದ್ದದ್ದು ಪೆರಿಸೈಕಲ್‌ನಿಂದ, ಕಾರ್ಟೆಕ್ಸ್ ಎಂಬ ಹೊರ ಅಂಗಾಂಶದ ಒಳ ಅಂಚಾದ ಎಂಡೋಡರ್ಮಿಸ್‌ಗಿಂತಲೂ ಒಳಗೆ. ಕಾರ್ಕ್ ನೀರನ್ನು ದಾಟಗೊಡುವುದಿಲ್ಲ. ಅದರ ಹೊರಗೆ ಉಳಿದ ಎಂಡೋಡರ್ಮಿಸ್, ಕಾರ್ಟೆಕ್ಸ್, ಎಪಿಡರ್ಮಿಸ್ ಮೂರೂ ನೀರು ಆಹಾರ ಕಡಿದುಹೋಗಿ ಸಾಯುತ್ತವೆ. ಒಳಗಿನಿಂದ ಬೇರು ದಪ್ಪವಾಗುತ್ತ ಹೋದಂತೆ ಬಿರಿದು ಉದುರುತ್ತವೆ. ಕಸವೆಂದು ನಾನು ಮೂರು ವಾರ ಒರೆಸಿ ಎಸೆದದ್ದು ಆ ಕಾರ್ಟೆಕ್ಸನ್ನೇ.

ಕವಲುಬೇರು ಹುಟ್ಟುವುದೂ ಇದೇ ಪೆರಿಸೈಕಲ್‌ನಿಂದ. ಕ್ಯಾಂಬಿಯಂನ ಒಂದು ಪಾಲು, ಕಾರ್ಕ್, ಕವಲು: ಮೂರಕ್ಕೂ ಕೋಶ ಕೊಡುವ ಆ ತೆಳು ಪದರವನ್ನು ಚಿತ್ರದಲ್ಲಿ ನಾನು ಬರೀ ಒಂದು ಗೆರೆಯಾಗಿ ಬರೆದು ಮುಗಿಸುತ್ತಿದ್ದೆ. ಈಗ ಕೋಶ ಕೋಶ ಎಣಿಸಿ ಬರೆಯುತ್ತೇನೆ, ಬುಡದ ಸೀಳನ್ನು ಚಿಂದಿ ಸಮೇತ ಗ್ಲಿಸರಿನ್‌ನಲ್ಲಿ ಕೂರಿಸುತ್ತೇನೆ.