ಪಾಲಿನ ದಾವೆಗೆ ವಕೀಲರನ್ನು ಹಿಡಿಯುವುದು ಹೇಗೆ?

ಅಣ್ಣತಮ್ಮಂದಿರ ನಡುವೆ ಆಸ್ತಿ ಮಾತು ಕೆಟ್ಟಾಗ ಹಲವರು ಮೊದಲು ಹೋಗುವುದು ಸಬ್ ರಿಜಿಸ್ಟ್ರಾರ್ ಕಚೇರಿ ಎದುರಿನ ಪತ್ರಬರಹಗಾರರ ಬಳಿಗೆ. ವಿಭಾಗಪತ್ರ ಬರೆಸಲು ಅವರು ಸರಿ, ಕೋರ್ಟಿನಲ್ಲಿ ನಿಮ್ಮ ಪರ ನಿಲ್ಲಲು ಸನ್ನದು ಪಡೆದ ವಕೀಲರೇ ಬೇಕು. ವಕೀಲರು ಜಾಹೀರಾತು ಕೊಡುವಂತಿಲ್ಲವಾದ್ದರಿಂದ ನೀವೇ ಹುಡುಕಬೇಕು. ಪಾಲಿನ ದಾವೆ ನಡೆಯುವುದು ಆಸ್ತಿ ಇರುವ ಊರಿನ ವ್ಯಾಪ್ತಿಯ ಕೋರ್ಟಿನಲ್ಲಿ. ಒಂದು ಬೆಳಿಗ್ಗೆ ಅಲ್ಲಿನ ಸಿವಿಲ್ ಹಾಲ್‌ನ ಹಿಂದಿನ ಬೆಂಚಿನಲ್ಲಿ ಕುಳಿತು ನೋಡಿ. ಯಾರು ಕಡತ ಓದಿಕೊಂಡು ಬಂದಿದ್ದಾರೆ, ಯಾರು ಬರೀ ವಾಯಿದೆ ಕೇಳುತ್ತಾರೆ ಎನ್ನುವುದು ಎರಡು ಗಂಟೆಯಲ್ಲಿ ಗೊತ್ತಾಗುತ್ತದೆ. ಕ್ರಿಮಿನಲ್ ಕೇಸುಗಳಲ್ಲಿ ಹೆಸರು ಮಾಡಿದವರು ಇದಕ್ಕೂ ಆಗುತ್ತಾರೆ ಎಂದೇನಿಲ್ಲ.

ಮೊದಲ ಭೇಟಿಗೆ ಬರಿಗೈಯಲ್ಲಿ ಹೋಗಬೇಡಿ. ವಂಶವೃಕ್ಷ, ಎಲ್ಲ ಸರ್ವೆ ನಂಬರುಗಳ ಪಹಣಿ, ಮ್ಯುಟೇಷನ್ ಪ್ರತಿ, ಸಿಕ್ಕಷ್ಟು ಹಿಂದಿನ ವರ್ಷಗಳ ಇಸಿ (ಋಣಭಾರ ಪ್ರಮಾಣಪತ್ರ), ಮನೆ-ನಿವೇಶನದ ಖಾತೆ ಜೋಡಿಸಿಕೊಳ್ಳಿ. ಜೆರಾಕ್ಸ್ ಕೊಡಿ, ಮೂಲಪತ್ರಗಳನ್ನು ಕೋರ್ಟಿಗೆ ಹಾಜರುಪಡಿಸುವ ದಿನ ಕೊಟ್ಟರಾಯಿತು, ಅದಕ್ಕೂ ಸಹಿ ಪಡೆಯಿರಿ. ನಿಮಗೆ ವಿರುದ್ಧವಾದ ಕಾಗದವನ್ನು ಮೊದಲೇ ತೋರಿಸಿ. ಹಿಂದೆ ಪಂಚಾಯ್ತಿಯಲ್ಲಿ ಬರೆದ ಪಾಲುಪಟ್ಟಿ, ಅಕ್ಕ ಸಹಿ ಹಾಕಿದ ಹಕ್ಕು ಬಿಡುಗಡೆ ಪತ್ರ ಎದುರಾಳಿಯ ಕೈಯಿಂದ ಹೊರಬಂದರೆ ವಕೀಲರಿಗೂ ದಾರಿ ತೋಚದು. ಒಂದು ಸರ್ವೆ ನಂಬರನ್ನೋ ಒಬ್ಬ ಪಾಲುದಾರರನ್ನೋ ಬಿಟ್ಟು ದಾವೆ ಹೂಡಿದರೆ ಎದುರಾಳಿಗೆ ಅದೇ ದೊಡ್ಡ ತಕರಾರು. ಹೆಣ್ಣುಮಕ್ಕಳನ್ನು ಬಿಡುವುದು ಇಂದಿಗೂ ಮಾಮೂಲಿ ತಪ್ಪು: ಪಿತ್ರಾರ್ಜಿತ ಆಸ್ತಿಯಲ್ಲಿ ಅವರಿಗೂ ಹುಟ್ಟಿನಿಂದಲೇ ಹಕ್ಕಿದೆ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಸ್ಪಷ್ಟಪಡಿಸಿದೆ.

ದಾವೆ ಹೂಡಿದ್ದು ಎದುರಿನವರಾಗಿದ್ದು, ಸಮನ್ಸ್ ನಿಮ್ಮ ಕೈಗೆ ಬಂದಿದ್ದರೆ ಹುಡುಕಾಟಕ್ಕೆ ಸಮಯವಿಲ್ಲ. 30 ದಿನದೊಳಗೆ ಲಿಖಿತ ಹೇಳಿಕೆ ಸಲ್ಲಿಸಬೇಕು. ಕೋರ್ಟ್ ಕಾರಣ ಒಪ್ಪಿದರೆ 90 ದಿನ. ಸಮನ್ಸ್ ತೆಗೆದುಕೊಳ್ಳದೆ ಅಮೀನರನ್ನು ವಾಪಸು ಕಳಿಸಿದರೆ ಕೇಸು ನಿಲ್ಲುವುದಿಲ್ಲ, ನಿಮ್ಮ ಗೈರುಹಾಜರಿಯಲ್ಲೇ ಎಕ್ಸ್‌ಪಾರ್ಟಿ ಆಗಿ ಮುಂದುವರಿಯುತ್ತದೆ.

ಫೀ ಮಾತು ಸಂಕೋಚದ ವಿಷಯವಲ್ಲ. ಕೇಳಬೇಕಾದ್ದು ‘ಎಷ್ಟು’ ಎಂಬುದಷ್ಟೇ ಅಲ್ಲ, ‘ಎಲ್ಲಿಯವರೆಗೆ’ ಎಂಬುದನ್ನೂ. ಪಾಲಿನ ದಾವೆಯಲ್ಲಿ ಮೊದಲು ಯಾರಿಗೆ ಎಷ್ಟು ಪಾಲು ಎಂಬ ಪ್ರಾಥಮಿಕ ಡಿಕ್ರಿ, ಆಮೇಲೆ ಜಮೀನು ಅಳೆದು ಹಂಚುವ ಅಂತಿಮ ಡಿಕ್ರಿ. ಮೊದಲನೆಯದಕ್ಕಷ್ಟೇ ಹೇಳಿದ ಫೀಯನ್ನು ಪೂರ್ತಿಯದೆಂದು ತಿಳಿದವರು ಆಮೇಲೆ ಜಗಳಕ್ಕೆ ನಿಲ್ಲುತ್ತಾರೆ. ತಾತ್ಕಾಲಿಕ ತಡೆಯಾಜ್ಞೆ ಅರ್ಜಿ, ಕೋರ್ಟ್ ನೇಮಿಸುವ ಕಮಿಷನರ್ ಫೀ, ಟೈಪಿಂಗ್, ಕೋರ್ಟ್ ಫೀ ಸೇರಿವೆಯೇ ಎಂದು ಬರೆಸಿಕೊಳ್ಳಿ. ನೀವು ಜಂಟಿ ಸ್ವಾಧೀನದಲ್ಲಿದ್ದರೆ ಕೋರ್ಟ್ ಫೀ ಅಲ್ಪ. ನಿಮ್ಮನ್ನು ಹೊರಗಿಟ್ಟಿದ್ದರೆ ಪಾಲಿನ ಮಾರುಕಟ್ಟೆ ಮೌಲ್ಯದ ಲೆಕ್ಕ. ‘ಗೆದ್ದರೆ ಇಷ್ಟು ಗುಂಟೆ ನನಗೆ’ ಎನ್ನುವ ಒಪ್ಪಂದಕ್ಕೆ ಬಾರ್ ಕೌನ್ಸಿಲ್ ನಿಯಮಗಳಲ್ಲಿ ಅವಕಾಶವಿಲ್ಲ, ಹಾಗೆ ಕೇಳಿದವರ ಕಚೇರಿಯಿಂದ ಎದ್ದು ಬನ್ನಿ.

ವಕಾಲತ್ತಿಗೆ, ಅಂದರೆ ನಿಮ್ಮ ಪರ ನಡೆಸಲು ವಕೀಲರಿಗೆ ಅಧಿಕಾರ ಕೊಡುವ ಪತ್ರಕ್ಕೆ, ಸಹಿ ಹಾಕುವ ಮುನ್ನ ಓದಿ. ರಾಜಿ ಮಾಡಿಕೊಳ್ಳುವ, ಹಣ ಪಡೆಯುವ ಅಧಿಕಾರವೂ ಅದರಲ್ಲಿ ಅಚ್ಚಾಗಿರುವುದುಂಟು. ಬೇಡವೆಂದರೆ ಹೊಡೆದು ಹಾಕಿಸಿ. ಖಾಲಿ ಹಾಳೆಗೆ, ಛಾಪಾ ಕಾಗದಕ್ಕೆ ಸಹಿ ಬೇಡವೇ ಬೇಡ. ದಾವೆ ದಾಖಲಾದ ಮೇಲೆ ನಿಮ್ಮ ಕೇಸಿನ ಗುರುತಾದ 16 ಅಕ್ಷರ-ಅಂಕಿಗಳ ಸಿಎನ್‌ಆರ್ ನಂಬರು ಕೇಳಿ ಪಡೆದು ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಹಾಕಿದರೆ ಮುಂದಿನ ದಿನಾಂಕಕ್ಕೆ ಗುಮಾಸ್ತರಿಗೆ ಫೋನ್ ಮಾಡಬೇಕಿಲ್ಲ.

ಮಹಿಳೆಯರು, ಪರಿಶಿಷ್ಟ ಜಾತಿ-ಪಂಗಡದವರು, ಅಂಗವಿಕಲರು ಆದಾಯ ಎಷ್ಟಿದ್ದರೂ ಉಚಿತ ವಕೀಲರಿಗೆ ಅರ್ಹರು. ತಾಲ್ಲೂಕು ಕಾನೂನು ಸೇವಾ ಸಮಿತಿ ಕೋರ್ಟಿನ ಆವರಣದಲ್ಲೇ ಇರುತ್ತದೆ, ಸಹಾಯವಾಣಿ 15100.

ವಕೀಲರನ್ನು ಬದಲಿಸಬೇಕೆನಿಸಿದರೆ ಹಳಬರಿಂದ ಎನ್‌ಒಸಿ (ಆಕ್ಷೇಪಣೆ ಇಲ್ಲವೆಂಬ ಒಪ್ಪಿಗೆ) ಕೇಳಿ. ಕೊಡದಿದ್ದರೆ ಹೊಸಬರು ಕೋರ್ಟಿನ ಅನುಮತಿ ಪಡೆದು ವಕಾಲತ್ತು ಹಾಕಬಹುದು. ಫೀ ಬಾಕಿಯಿದೆ ಎಂದು ಕಡತ ಹಿಡಿದಿಟ್ಟುಕೊಳ್ಳುವ ಹಕ್ಕು ವಕೀಲರಿಗಿಲ್ಲ ಎಂದು ಸುಪ್ರೀಂ ಕೋರ್ಟ್ 2000ದಲ್ಲೇ ಹೇಳಿದೆ. ಬಾಕಿ ವಸೂಲಿಗೆ ಅವರ ದಾರಿ ಬೇರೆ.