ತಂತಿ ಇಲ್ಲದ ಆರ್ಚರಿ ಟೈಮರ್: ನನ್ನ ಅನುಭವ

ಬಾಣ ಬಿಡಲು ಎಷ್ಟು ಸೆಕೆಂಡು ಬಾಕಿ ಎಂದು ಮೈದಾನದಲ್ಲಿ ತೋರಿಸುವ ಬೋರ್ಡುಗಳನ್ನು ನಾನೇ ಮಾಡಿದೆ. ಚಿತ್ರದುರ್ಗದ ಆರ್ಚರಿ ಮೀಟ್ ಮುಗಿಯುವ ತನಕ ನಾಲ್ಕೂ ಬೋರ್ಡ್ ಒಂದೇ ಅಂಕಿ ತೋರಿಸಿದವು. ಕೇಬಲ್ ಇಲ್ಲ, ರೂಟರ್ ಇಲ್ಲ. "ವೈರ್‌ಲೆಸ್ ಮೈದಾನದಲ್ಲಿ ಕೈ ಕೊಡುತ್ತೆ, ರೆಡಿಮೇಡ್ ಸೆಟ್ ತರಿಸಿ" ಎಂದವರೇ ಸಂಜೆ ಬಂದು ಬೋರ್ಡ್ ಹಿಂದಿನ ಫೋಟೊ ಹೊಡೆದುಕೊಂಡರು. ರೆಡಿಮೇಡ್‌ಗೆ ನಮಗೆ ಹೇಳಿದ ರೇಟು ಲಕ್ಷದ ಮೇಲೆ. ನನಗೆ ಫ್ರೇಮ್, ಬ್ಯಾಟರಿ ಎಲ್ಲಾ ಸೇರಿ 22–23 ಸಾವಿರ ಆಗಿರಬೇಕು.

ಅದಕ್ಕೂ ಮೊದಲು ಕೈ ಬಿಟ್ಟ ದುಡ್ಡೇ ಬೇರೆ. ಬೋರ್ಡುಗಳಿಗೆ ಡೇಟಾ ಸಾಗಿಸುವ ಆರ್‌ಎಸ್-485 ಕೇಬಲ್‌ಗೆ ಸುಮಾರು 4 ಸಾವಿರ ಹೋಯಿತು. ದಾವಣಗೆರೆಯ ಪ್ರಾಕ್ಟೀಸ್‌ನಲ್ಲಿ ಚೆನ್ನಾಗಿಯೇ ಇತ್ತು. ಮೀಟ್ ದಿನ ಟಾರ್ಗೆಟ್ ಸಾಗಿಸುವ ಗಾಡಿ ಅದರ ಮೇಲೆ ಹರಿಯಿತು. ಒಳಗೆ ತುಂಡಾಗಿದೆ, ಹೊರಗೆ ಗೀರೂ ಇಲ್ಲ. ಆಮೇಲೆ ವೈಫೈ ರೂಟರ್. ಬೆಳಿಗ್ಗೆ ಟ್ರಯಲ್ ಸರಿ. ಜನ ಸೇರಿ ಎಲ್ಲರ ಜೇಬಿನಲ್ಲೂ ಫೋನ್ ಬಂದ ಮೇಲೆ ಬೋರ್ಡುಗಳು ಒಂದೊಂದಾಗಿ ಡಿಸ್‌ಕನೆಕ್ಟ್. 240 ಸೆಕೆಂಡಿನ ಎಂಡ್ (ಒಂದು ಸರದಿಯ ಬಾಣಗಳು) ನಡುವೆ ಒಂದು ಬೋರ್ಡ್ 97ಕ್ಕೆ ನಿಂತುಬಿಟ್ಟಿತು. ಜಡ್ಜ್ ಸ್ಟಾಪ್‌ವಾಚ್ ಹಿಡಿದು ಸೀಟಿ ಊದಿದರು. ಬಾಣ ಏರಿಸಿ ನಿಂತ ಹುಡುಗಿ ಕೈ ಇಳಿಸಿದ್ದು ಇವತ್ತಿಗೂ ಮನಸ್ಸಿಗೆ ಚುಚ್ಚುತ್ತದೆ.

ಈಗಿರುವುದು ಇಎಸ್‌ಪಿ32 ಎಂಬ ವೈರ್‌ಲೆಸ್ ಇರುವ ಪುಟ್ಟ ಚಿಪ್, ರೂಟರ್ ಇಲ್ಲದೆ ಚಿಪ್‌ನಿಂದ ಚಿಪ್‌ಗೆ ನೇರ ಸಂದೇಶ ಕಳಿಸುವ ಇಎಸ್‌ಪಿ-ನೌ. ಐಪಿ, ಪಾಸ್‌ವರ್ಡ್ ಯಾವುದೂ ಬೇಡ. ಕಂಟ್ರೋಲರ್ ಸೆಕೆಂಡಿಗೆ ಹತ್ತು ಸಲ ಬ್ರಾಡ್‌ಕಾಸ್ಟ್ ಮಾಡುತ್ತದೆ: ಯಾವ ಹಂತ, ಎಷ್ಟು ಮಿಲಿಸೆಕೆಂಡ್ ಬಾಕಿ, ಅಷ್ಟೇ. ಎಣಿಸುವುದು ಬೋರ್ಡಿನದೇ ಕೆಲಸ. ನಡುವೆ ಮೂರು ಸೆಕೆಂಡು ಪ್ಯಾಕೆಟ್ (ಆ ಸಂದೇಶ) ಬರದಿದ್ದರೂ ಅಂಕಿ ಓಡುತ್ತಲೇ ಇರುತ್ತದೆ, ಬಂದ ತಕ್ಷಣ ತಿದ್ದಿಕೊಳ್ಳುತ್ತದೆ. ಆದರೆ ತಿದ್ದುವಾಗ 30 ಆದ ಮೇಲೆ ಮತ್ತೆ 31 ಕಾಣಬಾರದು. ಅದಕ್ಕೆ ಬರೆದ ನಾಲ್ಕು ಸಾಲು ಕೋಡ್ ಇಲ್ಲಿ ಕೊಡುವುದಿಲ್ಲ. ಮೈದಾನದಲ್ಲಿ ಸಿಕ್ಕಾಗ ಕೇಳಿ. ಹೊರಗಿನ ಆಂಟೆನಾ ಇರುವ ಮಾಡ್ಯೂಲನ್ನೇ ತನ್ನಿ, ಜನರ ತಲೆಗಿಂತ ಮೇಲೆ ಕಟ್ಟಿ.

ಅಂಕಿ ಕನಿಷ್ಠ 20 ಸೆಂ.ಮೀ. ಎತ್ತರ ಬೇಕು. ಒಂದು ಪಿ10 ಎಲ್‌ಇಡಿ ಪ್ಯಾನಲ್ ಎತ್ತರ 16 ಸೆಂ.ಮೀ., ಹಾಗಾಗಿ ಬೋರ್ಡಿಗೆ ನಾಲ್ಕು ಪ್ಯಾನಲ್, ಎರಡರ ಮೇಲೆ ಎರಡು. ಕೊನೆಯ ಪ್ಯಾನಲ್ ಮಂಕಾದರೆ ಪ್ಯಾನಲ್ ಬದಲಿಸಬೇಡಿ, 5 ವೋಲ್ಟ್ ವೈರ್ ದಪ್ಪ ಮಾಡಿ, ಎರಡೂ ಕಡೆಯಿಂದ ಸಪ್ಲೈ ಕೊಡಿ. ಕೆಂಪು, ಹಸಿರು, ಹಳದಿ ಸಿಗ್ನಲ್‌ಗೆ ಲಾರಿಯ ಎಲ್‌ಇಡಿ ಲೈಟ್ ಹಾಕಿದೆ. ಹೈವೇ ಪಕ್ಕದ ಅಂಗಡಿಯಲ್ಲಿ ಸಿಕ್ಕಿದ್ದು. ಮಟಮಟ ಮಧ್ಯಾಹ್ನದಲ್ಲೂ ಶೂಟಿಂಗ್ ಲೈನಿಗೆ ಢಾಳಾಗಿ ಕಾಣುತ್ತದೆ. ಕೊನೆಯ 30 ಸೆಕೆಂಡಿಗೆ ಹಳದಿ ಬಂದದ್ದು ತಿಳಿಯಲು ಯಾರೂ ಕತ್ತು ಹೊರಳಿಸಬೇಕಿಲ್ಲ.

ಪ್ರತಿ ಬೋರ್ಡಿಗೂ ಬೈಕ್ ಹಾರ್ನ್ ಇಟ್ಟು ನೋಡಿದೆ. ನಾಲ್ಕೂ ಒಟ್ಟಿಗೇ ಒದರಿದರೂ 70 ಮೀಟರ್ ಆಚೆಯ ಸದ್ದು ಲೈನ್ ಮುಟ್ಟಲು ಸೆಕೆಂಡಿನ ಐದನೇ ಒಂದು ಭಾಗ ಬೇಕು. ಒಂದು ಹಾರ್ನ್ ಎರಡಾಗಿ ಕೇಳಿಸಿತು. ಹಾರ್ನ್ ಒಂದು ಸಲ ಆದರೆ ಶೂಟಿಂಗ್ ಶುರು, ಎರಡು ಸಲ ಆದರೆ ಲೈನಿಗೆ ಬರುವುದು. ಈ ಗೊಂದಲ ಆಗಕೂಡದು. ಈಗ ಹಾರ್ನ್ ಒಂದೇ, ಶೂಟಿಂಗ್ ನಡೆಸುವ ಡೈರೆಕ್ಟರ್ ಟೇಬಲ್ ಹತ್ತಿರ.

ಚಿತ್ರದುರ್ಗದ ಗಾಳಿ ಗೊತ್ತಲ್ಲ, ಗುಡ್ಡದ ಮೇಲೆ ಗಾಳಿಯಂತ್ರ ನಿಲ್ಲಿಸಿರುವುದು ಸುಮ್ಮನೆ ಅಲ್ಲ. ಒಂದೊಂದು ಸ್ಟ್ಯಾಂಡಿಗೆ 20 ಕೆಜಿ ಮರಳಿನ ಚೀಲ ಹೇರಿದೆ, ಒಂದೂ ಅಲುಗಲಿಲ್ಲ.

ಇನ್ನು ಆಲ್ಟರ್ನೇಟ್ ಶೂಟಿಂಗ್, ಅಂದರೆ ಇಬ್ಬರು ಒಬ್ಬರಾದ ಮೇಲೆ ಒಬ್ಬರು ಬಾಣ ಬಿಡುವುದು. ಬಾಣಕ್ಕೆ 20 ಸೆಕೆಂಡು, ಎಡಕ್ಕೂ ಬಲಕ್ಕೂ ಬೇರೆ ಅಂಕಿ. ಅದೇ ಪ್ಯಾಕೆಟ್‌ನಲ್ಲಿ ಎರಡು ಎಣಿಕೆ ಕಳಿಸುತ್ತಿದ್ದೇನೆ, ಮನೆಯ ತಾರಸಿ ಮೇಲೆ ಸರಿಯಾಗಿ ಓಡುತ್ತಿದೆ. ಮುಂದಿನ ಮ್ಯಾಚ್‌ಗೆ ಇಳಿಸುತ್ತೇನೆ.